ಅಪ್ಪ ಏನೂ ಹೇಳಲಿಲ್ಲ; ಅಮ್ಮ ಎದ್ದು ಕಿಟಕಿ ಮುಚ್ಚಿದಳು

ಹೋದ ವಾರ ಒಂದು ಸಣ್ಣ ಬರಹ ಬರೆದು ಪರಿಚಯದವರೊಬ್ಬರಿಗೆ ಓದೋಕೆ ಕೊಟ್ಟಿದ್ದೆ. ಬೇರೆಯವರ ಬರಹ ತಿದ್ದುವುದೇ ಅವರ ಕೆಲಸ, ಎಷ್ಟೋ ವರ್ಷಗಳಿಂದ. ಅವರ ಕಣ್ಣು ತಪ್ಪಿಸಿ ಒಂದು ಒತ್ತಕ್ಷರವೂ ಹೋಗೋದಿಲ್ಲ. ವಾಪಸ್ ಬಂದ ಫೈಲ್ ತೆರೆದು ನೋಡಿದರೆ ಕಾಗುಣಿತದ ತಪ್ಪು ಎರಡೇ ಎರಡು ಇತ್ತು, ಖುಷಿಯಾಯಿತು. ಆಮೇಲೆ ಗೊತ್ತಾಯಿತು, ನಾನು ಹಾಕಿದ್ದ ಅರ್ಧವಿರಾಮಗಳು (;) ನಾಲ್ಕಕ್ಕೆ ನಾಲ್ಕೂ ಮಾಯ.

ಮೂರು ಕಡೆ ಪೂರ್ಣವಿರಾಮ ಹಾಕಿದ್ದರು. ಸರಿ, ಅವು ನಿಜವಾಗಲೂ ನಾನು ಸುಮ್ನೆ ಶೋಕಿಗೆ ಹಾಕಿದವು, ಚುಕ್ಕೆ ಸಾಕಿತ್ತು. ನಾಲ್ಕನೆಯದು ಮಾತ್ರ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ನಾನು ಬರೆದದ್ದು ಹೀಗೆ:

ಅಪ್ಪ ಏನೂ ಹೇಳಲಿಲ್ಲ; ಅಮ್ಮ ಎದ್ದು ಕಿಟಕಿ ಮುಚ್ಚಿದಳು.

ಅವರು ತಿದ್ದಿದ್ದು ಹೀಗೆ:

ಅಪ್ಪ ಏನೂ ಹೇಳಲಿಲ್ಲ. ಹೀಗಾಗಿ ಅಮ್ಮ ಎದ್ದು ಕಿಟಕಿ ಮುಚ್ಚಿದಳು.

ಹೀಗಾಗಿ! ಅಪ್ಪ ಮಾತಾಡದೇ ಇದ್ದದ್ದಕ್ಕೆ ಅಮ್ಮ ಕಿಟಕಿ ಮುಚ್ಚಿದಳು ಅಂತ ನಾನು ಎಲ್ಲಿ ಹೇಳಿದ್ದೆ? ಅಥವಾ ಹೇಳಿದ್ದೆನಾ? ಅದೇ ನೋಡಿ ವಿಷಯ. ಕಾರಣ ಇರಬಹುದು, ಇಲ್ಲದೆಯೂ ಇರಬಹುದು. ಗಾಳಿ ಜೋರಾಗಿತ್ತೋ, ಸಿಟ್ಟು ಬಂದಿತ್ತೋ, ಕೈಗೆ ಏನಾದರೂ ಕೆಲಸ ಬೇಕಿತ್ತೋ. ಆ ಎರಡು ಕೆಲಸಗಳ ನಡುವೆ ಏನೋ ಇದೆ ಅನ್ನೋದಷ್ಟೇ ನನಗೆ ಹೇಳಬೇಕಿತ್ತು, ಏನಿದೆ ಅಂತ ಹೇಳಬಾರದಿತ್ತು.

ಅದಾದ ಮೇಲೆ ಕೂತು ಆ ವಾಕ್ಯವನ್ನು ಬೇರೆ ಬೇರೆ ರೀತಿ ಬರೆದು ನೋಡಿದೆ. ಬರೀ ಪೂರ್ಣವಿರಾಮ ಹಾಕಿದರೆ ಅಪ್ಪ ಒಂದು ಕೋಣೆಯಲ್ಲಿ, ಅಮ್ಮ ಇನ್ನೊಂದು ಕೋಣೆಯಲ್ಲಿ ಇದ್ದ ಹಾಗೆ ಆಗುತ್ತದೆ. ಕಾಮಾ ಹಾಕಿದರೆ ಇಬ್ಬರೂ ಅವಸರದಲ್ಲಿದ್ದ ಹಾಗೆ, ಒಂದರ ಬೆನ್ನಿಗೆ ಇನ್ನೊಂದು, ಇನ್ನೂ ಮೂರನೆಯದೇನೋ ಬರಲಿದೆ ಅನಿಸುತ್ತದೆ. 'ಆದರೆ' ಹಾಕಿದರೆ ಜಗಳ. 'ಆಗ' ಹಾಕಿದರೆ ಕಥೆ ಹೇಳೋ ಅಜ್ಜಿಯ ದನಿ. ಅರ್ಧವಿರಾಮ ಹಾಕಿದಾಗ ಮಾತ್ರ ಇಬ್ಬರೂ ಒಂದೇ ಕೋಣೆಯಲ್ಲಿ ಇದ್ದಾರೆ, ಒಬ್ಬರನ್ನೊಬ್ಬರು ನೋಡುತ್ತಿಲ್ಲ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ ಅಂತ ನೀವು ಕೇಳಬಹುದು. ಬೇಡ, ನಿಜ. ಆದರೂ ಕೆಡಿಸಿಕೊಂಡೆ.

ಮೊದಲು ಮಾಡಿದ್ದು ನನ್ನದೇ ಹಳೇ ಫೈಲ್‌ಗಳಲ್ಲಿ ಈ ಚಿಹ್ನೆಯನ್ನು ಹುಡುಕಿದ್ದು. ನಾನೇನೋ ಇದನ್ನು ತುಂಬ ಬಳಸುವವನು ಅಂತ ಅಂದುಕೊಂಡಿದ್ದೆ. ಹತ್ತು ವರ್ಷದ ಹಿಂದಿನ ಬರಹಗಳಲ್ಲಿ ಪುಟಕ್ಕೊಂದಾದರೂ ಸಿಕ್ಕಿತು. ಇತ್ತೀಚಿನವುಗಳಲ್ಲಿ ಇಡೀ ಬರಹಕ್ಕೆ ಒಂದೂ ಇಲ್ಲ. ಈ ಸಲದ ನಾಲ್ಕೇ ಅಪರೂಪದ್ದು. ಬಿಡಬೇಕು ಅಂತ ನಾನು ಯಾವತ್ತೂ ತೀರ್ಮಾನ ಮಾಡಿರಲಿಲ್ಲ. ಹಳೇ ಗೆಳೆಯನ ಜೊತೆ ಮಾತು ನಿಂತುಹೋಗುತ್ತದಲ್ಲ, ಯಾವಾಗ ನಿಂತಿತು ಅಂತ ಇಬ್ಬರಿಗೂ ಗೊತ್ತಿರುವುದಿಲ್ಲ, ಹಾಗೆ.

ನನ್ನೊಬ್ಬನ ಕಥೆ ಅಲ್ಲ ಇದು. 2025ರಲ್ಲಿ, ಭಾಷೆ ಕಲಿಸುವ ಬ್ಯಾಬೆಲ್ ಅನ್ನೋ ಕಂಪನಿ ಬ್ರಿಟನ್ನಿನ ಇಂಗ್ಲಿಷ್ ಪುಸ್ತಕಗಳ ಲೆಕ್ಕ ಹಾಕಿಸಿತ್ತು. 1781ರಲ್ಲಿ ಸುಮಾರು 90 ಪದಕ್ಕೊಂದು ಅರ್ಧವಿರಾಮ ಇತ್ತಂತೆ. 2000ದ ಹೊತ್ತಿಗೆ 205 ಪದಕ್ಕೊಂದು. ಈಗ 390 ಪದಕ್ಕೊಂದು. ಅಂದರೆ ಇನ್ನೂರು ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗೆ ಇಳಿದದ್ದು ಈಚಿನ ಇಪ್ಪತ್ತೈದು ವರ್ಷದಲ್ಲಿ ಮತ್ತೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ. ಅಲ್ಲಿನ ವಿದ್ಯಾರ್ಥಿಗಳನ್ನು ಕೇಳಿದರೆ ಮೂರರಲ್ಲಿ ಇಬ್ಬರು, ನಾವು ಅದನ್ನು ಬಳಸೋದೇ ಇಲ್ಲ, ಬಳಸಿದರೂ ಅಪರೂಪ ಅಂದರಂತೆ.

ಅರ್ಧವಿರಾಮ ಹುಟ್ಟಿದ್ದು ಎಲ್ಲಿ ಅಂತ ಹುಡುಕಿದರೆ ಸೀದಾ ವೆನಿಸ್ ನಗರಕ್ಕೆ ಹೋಗಿ ನಿಲ್ಲುತ್ತೇವೆ. ಆಲ್ಡಸ್ ಮನೂಶಿಯಸ್ ಅನ್ನೋ ಮುದ್ರಕ 1496ರಲ್ಲಿ ಪಿಯೆತ್ರೊ ಬೆಂಬೊ ಅನ್ನೋ ಯುವಕನ ಚಿಕ್ಕ ಪುಸ್ತಕವೊಂದನ್ನು ಅಚ್ಚು ಹಾಕಿದ. ಎಟ್ನಾ ಜ್ವಾಲಾಮುಖಿ ಹತ್ತಿಬಂದ ಮಗ ಅಪ್ಪನ ಜೊತೆ ಮಾತಾಡುವ ಪುಸ್ತಕ ಅದು. ಅಕ್ಷರದ ಅಚ್ಚುಗಳನ್ನು ಕೆತ್ತಿದವನು ಫ್ರಾಂಚೆಸ್ಕೊ ಗ್ರಿಫೊ. ಕಾಮಾ ಸಾಲದು, ಚುಕ್ಕೆ ಜಾಸ್ತಿಯಾಯಿತು ಅನ್ನಿಸುವ ಜಾಗಕ್ಕೆ ಕಾಮಾದ ತಲೆ ಮೇಲೆ ಒಂದು ಚುಕ್ಕೆ ಇಟ್ಟರು. ಆ ಪುಸ್ತಕದ ಅಕ್ಷರಗಳನ್ನೇ ನೋಡಿಕೊಂಡು ಮಾಡಿದ ಬೆಂಬೊ ಅನ್ನೋ ಫಾಂಟ್ ಇವತ್ತಿಗೂ ಪುಸ್ತಕಗಳಲ್ಲಿ ಬಳಕೆಯಲ್ಲಿದೆ. ಫಾಂಟ್ ಉಳಿಯಿತು, ಅದರ ಜೊತೆ ಹುಟ್ಟಿದ ಚಿಹ್ನೆ ಸೊರಗುತ್ತಿದೆ.

ಒಂದು ಕಾಲದಲ್ಲಿ ಇದಕ್ಕೆ ಎಷ್ಟು ಬೆಲೆ ಇತ್ತು ಅಂದರೆ ಜನ ಇದನ್ನು ಹಿಡಿದುಕೊಂಡು ಕೋರ್ಟಿಗೆ ಹೋಗಿದ್ದಾರೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಮಾಡಿದ ಮದ್ಯದ ಕಾನೂನೊಂದಿತ್ತು. ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ ಮಾರುವಂತಿಲ್ಲ, ಅಲ್ಲೊಂದು ಅರ್ಧವಿರಾಮ, ಭಾನುವಾರವೂ ಮಾರುವಂತಿಲ್ಲ, ವಸತಿಗೃಹದವರು ತಮ್ಮ ಅತಿಥಿಗಳಿಗೆ ಕೊಡುವುದನ್ನು ಬಿಟ್ಟು. ಈ ವಿನಾಯಿತಿ ರಾತ್ರಿ ಹೊತ್ತಿಗೂ ಇದೆಯಾ, ಭಾನುವಾರಕ್ಕೆ ಮಾತ್ರವಾ? ವರ್ಷಗಟ್ಟಲೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ, ವಸತಿಗೃಹಗಳು ರಾತ್ರಿಯೂ ಕೊಡುತ್ತಿದ್ದವು. 1900ರಲ್ಲಿ ನ್ಯಾಯಾಲಯ ಹೇಳಿತು, ನಡುವೆ ಅರ್ಧವಿರಾಮ ಇದೆ, ಆದ್ದರಿಂದ ವಿನಾಯಿತಿ ಅದರ ಈಚೆಗೆ ಇರುವ ಭಾನುವಾರಕ್ಕೆ ಮಾತ್ರ. ಮುಗೀತು! 11 ಗಂಟೆ ಹೊಡೆದರೆ ಲೋಟ ಖಾಲಿ. ಕಾನೂನು ಬದಲಾಗೋಕೆ 1906ರವರೆಗೆ ಕಾಯಬೇಕಾಯಿತು. ಜನ ಅದನ್ನು ಕರೆದದ್ದೇ ಅರ್ಧವಿರಾಮದ ಕಾನೂನು ಅಂತ.

ಹಾಗಾದರೆ ಯಾಕೆ ಹೋಯಿತು? ಎಲ್ಲರೂ ಹೇಳುವುದು, ಜನಕ್ಕೆ ಓದುವ ತಾಳ್ಮೆ ಇಲ್ಲ, ವಾಕ್ಯಗಳು ಚಿಕ್ಕವಾದವು, ಮೊಬೈಲ್ ಬಂತು ಅಂತ. ಅದರಲ್ಲಿ ಸ್ವಲ್ಪ ನಿಜ ಇದೆ. ಫೋನಿನ ಕೀಬೋರ್ಡ್‌ನಲ್ಲಿ ಕಾಮಾ, ಚುಕ್ಕೆ ಕೈಗೆ ಸಿಗುವಲ್ಲೇ ಇರುತ್ತವೆ, ಅರ್ಧವಿರಾಮ ಬೇಕಾದರೆ ಚಿಹ್ನೆಗಳ ಪುಟಕ್ಕೆ ಹೋಗಿ ಹುಡುಕಬೇಕು. ಅಷ್ಟು ಹೊತ್ತಿಗೆ ಅದು ಬೇಕಾಗಿದ್ದ ಯೋಚನೆಯೇ ಹೋಗಿರುತ್ತದೆ. ಆದರೆ ಕಂಪ್ಯೂಟರ್ ನೋಡಿ. ಬಲಗೈಯ ಕಿರುಬೆರಳು ಸುಮ್ನೆ ಇಟ್ಟರೆ ಅದರ ಕೆಳಗೇ ಅರ್ಧವಿರಾಮ ಇದೆ, ಶಿಫ್ಟ್ ಕೂಡ ಒತ್ತಬೇಕಿಲ್ಲ. ಇಡೀ ಕೀಬೋರ್ಡ್‌ನಲ್ಲಿ ಅದಕ್ಕಿಂತ ಸುಖವಾದ ಜಾಗ ಇಲ್ಲ, ಪ್ರಶ್ನೆ ಚಿಹ್ನೆಗೂ ಆ ಭಾಗ್ಯ ಇಲ್ಲ. ಆದರೂ ಬೆರಳು ಒತ್ತುವುದಿಲ್ಲ. ಹಾಗಾಗಿ ಪೂರ್ತಿ ತಪ್ಪನ್ನು ಯಂತ್ರದ ಮೇಲೆ ಹಾಕೋಕೆ ಆಗಲ್ಲ.

ಕನ್ನಡದವರಿಗೆ ಮಾತ್ರ ಒಂದು ಒಳ್ಳೆಯ ನೆಪ ಇದೆ. ಇನ್‌ಸ್ಕ್ರಿಪ್ಟ್ ಅನ್ನೋ ಕನ್ನಡ ಕೀಲಿ ವಿನ್ಯಾಸದಲ್ಲಿ ಟೈಪ್ ಮಾಡುವವರು ಅದೇ ಕೀಲಿ ಒತ್ತಿದರೆ 'ಚ' ಬರುತ್ತದೆ. ಶಿಫ್ಟ್ ಹಿಡಿದು ಒತ್ತಿದರೆ 'ಛ'. ಅರ್ಧವಿರಾಮ ಹುಡುಕಿದವರಿಗೆ ಛೀ ಅನ್ನೋದಕ್ಕೆ ಬೇಕಾದ ಅಕ್ಷರ ಸಿಗುತ್ತದೆ.

ಆದರೆ ಕನ್ನಡದ ವಿಷಯ ಇನ್ನೂ ಆಳದ್ದು ಅಂತ ನನಗೆ ಅನಿಸುತ್ತದೆ. ಕನ್ನಡಕ್ಕೆ ಈ ಚಿಹ್ನೆಗಳ ಹಂಗು ಮೊದಲಿನಿಂದಲೂ ಕಡಿಮೆ. ತಾಳೆಗರಿಯಲ್ಲಿ ಕಾಮಾ ಎಲ್ಲಿತ್ತು? ಪದ್ಯದ ಕೊನೆಗೆ ಒಂದೋ ಎರಡೋ ಗೆರೆ, ಅಷ್ಟೇ. ಉಳಿದದ್ದೆಲ್ಲ ಅಚ್ಚಿನ ಮೊಳೆಗಳ ಜೊತೆ ಹತ್ತೊಂಬತ್ತನೇ ಶತಮಾನದಲ್ಲಿ ಬಂದು ಕೂತದ್ದು. ಯಾಕೆ ಹಂಗಿಲ್ಲ ಅಂದರೆ ನಮ್ಮ ಪದಗಳ ಬಾಲದಲ್ಲೇ ಚಿಹ್ನೆಗಳಿವೆ. 'ಬರ್ತೀಯಾ' ಅಂದರೆ ಸಾಕು, ಆ ದೀರ್ಘವೇ ಪ್ರಶ್ನೆ ಚಿಹ್ನೆ. 'ಬರ್ತೀನಿ ಅಂತ ಹೇಳಿದ' ಅಂದಾಗ ಆ 'ಅಂತ' ಉದ್ಧರಣ ಚಿಹ್ನೆಯ ಕೆಲಸ ಮಾಡಿ ಮುಗಿಸಿರುತ್ತದೆ. ಇನ್ನು 'ಎದ್ದು ಮುಖ ತೊಳೆದು ಪುಸ್ತಕ ತೆಗೆದು ಎರಡು ಪುಟ ಓದಿ ಮತ್ತೆ ಮಲಗಿದೆ' ಅನ್ನೋ ವಾಕ್ಯ ನೋಡಿ, ಒಂದೂ ಕಾಮಾ ಇಲ್ಲ, ಎಲ್ಲೂ ಎಡವುವುದಿಲ್ಲ. 'ದು', 'ದು', 'ಇ' ಅಂತ ಒಂದೊಂದು ಪದವೂ ಇನ್ನೂ ಮುಗಿದಿಲ್ಲ ಮುಂದೆ ಹೋಗು ಅನ್ನುತ್ತದೆ, ಕೊನೆಯ 'ಮಲಗಿದೆ' ಬಂದು ಬಾಗಿಲು ಹಾಕುತ್ತದೆ. ಪೂರ್ಣವಿರಾಮ ಹಾಕದಿದ್ದರೂ ಮುಗಿಯಿತು ಅಂತ ಗೊತ್ತಾಗುತ್ತದೆ.

ಹಾಗಿದ್ದರೆ ಅರ್ಧವಿರಾಮ ಕನ್ನಡಕ್ಕೆ ಬೇಡವೇ ಬೇಡವಾ? ನಾನೂ ಕೆಲವು ದಿನ ಹಾಗೇ ಅಂದುಕೊಂಡಿದ್ದೆ. ಶಾಲೆಯ ವ್ಯಾಕರಣದಲ್ಲಿ ಲೇಖನ ಚಿಹ್ನೆಗಳು ಅಂತ ಒಂದು ಪಾಠ ಇರುತ್ತಿತ್ತಲ್ಲ, ಅದರಲ್ಲಿ ಪೂರ್ಣವಿರಾಮ, ಅರ್ಧವಿರಾಮ, ಅಲ್ಪವಿರಾಮ ಅಂತ ಮೂರು ಅಣ್ಣತಮ್ಮಂದಿರ ಹಾಗೆ ಸಾಲಾಗಿ ಬರುತ್ತಿದ್ದವು. ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದೆವು. ಮೊದಲನೆಯದು, ಮೂರನೆಯದು ಬದುಕಿಗೆ ಬಂದವು. ನಡುವಿನವನು ಪರೀಕ್ಷೆ ಮುಗಿದ ದಿನವೇ ಮನೆಗೆ ಹೋದ. ಮತ್ತೆ ಆ ಪಾಠದಲ್ಲಿ ಕೊಡುತ್ತಿದ್ದ ಉದಾಹರಣೆಗಳಲ್ಲಿ ಅರ್ಧವಿರಾಮ ಆದ ಮೇಲೆ 'ಆದರೆ' ಅಂತಲೋ 'ಆದ್ದರಿಂದ' ಅಂತಲೋ ಇರುತ್ತಿತ್ತು. ಅಲ್ಲೇ ಎಡವಟ್ಟಾಗಿದ್ದು ಅಂತ ಈಗ ಅನಿಸುತ್ತದೆ. 'ಆದರೆ' ಇದ್ದ ಮೇಲೆ ಅರ್ಧವಿರಾಮ ಯಾಕೆ? ಸಂಬಂಧ ಏನು ಅಂತ ಆ ಪದವೇ ಹೇಳಿಬಿಟ್ಟಿತಲ್ಲ. ಅಲ್ಲಿ ಅದು ಬರೀ ಅಲಂಕಾರ, ಹಾಗಾಗಿ ಯಾರೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಅದಕ್ಕೆ ನಿಜವಾದ ಕೆಲಸ ಇರುವುದು 'ಆದರೆ'ಯನ್ನು ಕಿತ್ತು ಹಾಕಿದ ಜಾಗದಲ್ಲಿ. ನೀನು ಫೋನ್ ಮಾಡಲಿಲ್ಲ; ನಾನೂ ಮಾಡಲಿಲ್ಲ. ಇಲ್ಲಿ 'ಅದಕ್ಕೇ ನಾನೂ ಮಾಡಲಿಲ್ಲ' ಅಂದರೆ ದೂರು. 'ಆದರೆ ನಾನೂ ಮಾಡಲಿಲ್ಲವಲ್ಲ' ಅಂದರೆ ತಪ್ಪೊಪ್ಪಿಗೆ. ನಡುವೆ ಪದವೇ ಇಲ್ಲದಿದ್ದರೆ ಎರಡೂ ಆಗಬಹುದು, ಓದುವವರು ಅವತ್ತು ಯಾವ ಮನಸ್ಥಿತಿಯಲ್ಲಿದ್ದಾರೋ ಹಾಗೆ. ಎರಡೂ ಕ್ರಿಯಾಪದ ಪೂರ್ತಿ ಆಗಿವೆ, ಎರಡೂ ವಾಕ್ಯ ತಮ್ಮ ಕಾಲ ಮೇಲೆ ನಿಂತಿವೆ, ಆದರೂ ಒಂದನ್ನು ಬಿಟ್ಟು ಇನ್ನೊಂದು ಇಲ್ಲ. ನಮ್ಮ 'ಮಾಡಿ', 'ಬಂದು', 'ಹೋಗಿ'ಗಳಿಗೆ ಈ ಕೆಲಸ ಬರುವುದಿಲ್ಲ. ಅವು ಒಬ್ಬನೇ ಮನುಷ್ಯನ ಕೆಲಸಗಳನ್ನು ಸಾಲಾಗಿ ಪೋಣಿಸುವುದರಲ್ಲಿ ಪಳಗಿದವು. ಎದುರುಬದುರು ಕೂತ ಇಬ್ಬರನ್ನು ಒಂದೇ ವಾಕ್ಯದಲ್ಲಿ ಇಡಬೇಕಾದಾಗ ಕೈಚೆಲ್ಲುತ್ತವೆ.

ನಾವು ಈಗ ಬರೆಯುವ ರೀತಿಯಲ್ಲಿ ಬಾಯಿಬಿಟ್ಟು ಹೇಳದೆ ಬಿಡುವುದಕ್ಕೆ ಜಾಗ ಕಡಿಮೆ. ತಪ್ಪು ತಿಳಿದುಕೊಂಡರೆ ಏನು ಗತಿ ಅನ್ನೋ ಭಯ. 'ಹೀಗಾಗಿ', 'ಹಾಗಾಗಿ', 'ಅಂದರೆ', 'ಏಕೆಂದರೆ' ಅಂತ ಎರಡು ವಾಕ್ಯಗಳ ನಡುವೆ ಒಬ್ಬ ಕಾವಲುಗಾರನನ್ನು ನಿಲ್ಲಿಸುತ್ತೇವೆ. (ಈ ಬರಹದಲ್ಲೇ ಎಷ್ಟು 'ಹಾಗಾಗಿ' ಇದೆ ಅಂತ ಎಣಿಸಬೇಡಿ ದಯವಿಟ್ಟು.) ಈಗಂತೂ ಇನ್ನೊಂದು ಸೇರಿಕೊಂಡಿದೆ, ಉದ್ದ ಗೆರೆ ಹಾಕಿದರೆ ಇದನ್ನು ಎಐ ಬರೆದದ್ದು ಅನ್ನುತ್ತಾರೆ. ಪಾಪ, ಆ ಗೆರೆ ಹಾಕುತ್ತಿದ್ದವರೆಲ್ಲ ಈಗ ಹೆದರಿ ಕಾಮಾಕ್ಕೆ ಬಂದಿದ್ದಾರೆ. ಅವರಾದರೂ ಅರ್ಧವಿರಾಮದ ಕಡೆ ಬರಬಹುದಿತ್ತು, ಬರಲಿಲ್ಲ.

ದೊಡ್ಡ ಬರಹಗಾರರಲ್ಲೂ ಇದನ್ನು ಕಂಡರೆ ಆಗದವರಿದ್ದರು. ಅಮೆರಿಕದ ಕಾದಂಬರಿಕಾರ ಕರ್ಟ್ ವೊನೆಗಟ್, ಇದನ್ನು ಬಳಸಲೇಬೇಡಿ, ಕಾಲೇಜಿಗೆ ಹೋಗಿದ್ದೇನೆ ಅಂತ ತೋರಿಸಿಕೊಳ್ಳೋದು ಬಿಟ್ಟರೆ ಇದರಿಂದ ಇನ್ನೇನೂ ಇಲ್ಲ ಅನ್ನೋ ಅರ್ಥದ ಮಾತು ಬರೆದರು. ಆಮೇಲೆ ಅದೇ ಪುಸ್ತಕದಲ್ಲಿ ಬೇಕಂತಲೇ ಒಂದು ಕಡೆ ಬಳಸಿ, ನೋಡಿ ಬಳಸಿಬಿಟ್ಟೆ ಅಂತ ತಮಾಷೆಯನ್ನೂ ಮಾಡಿದರು. ಶೋಕಿ ಅನ್ನೋ ಆರೋಪ ಪೂರ್ತಿ ಸುಳ್ಳಲ್ಲ. ನನ್ನ ಆ ಮೊದಲ ಮೂರು ಅರ್ಧವಿರಾಮಗಳು ಪಕ್ಕಾ ಶೋಕಿಯೇ.

ಮನುಷ್ಯರು ಕೈಬಿಟ್ಟರೂ ಪ್ರೋಗ್ರಾಮ್ ಬರೆಯುವವರು ಕೈಬಿಟ್ಟಿಲ್ಲ. ಸಿ, ಜಾವಾ ಅಂತಹ ಭಾಷೆಗಳಲ್ಲಿ ಹೆಚ್ಚುಕಡಿಮೆ ಪ್ರತಿ ಹೇಳಿಕೆಯ ಕೊನೆಗೂ ಇದೇ ಬೇಕು. ಒಂದು ಮರೆತರೆ, ಬರೆದದ್ದನ್ನು ಯಂತ್ರದ ಭಾಷೆಗೆ ತರುವ ಕಂಪೈಲರ್ ಮುನಿಸಿಕೊಳ್ಳುತ್ತದೆ, ಅದೂ ಎಷ್ಟೋ ಸಲ ತಪ್ಪಾದ ಸಾಲನ್ನು ಬಿಟ್ಟು ಅದರ ಕೆಳಗಿನ ಸಾಲನ್ನು ತೋರಿಸಿಕೊಂಡು. ಇದರಲ್ಲೊಂದು ಹಳೇ ಕಿಡಿಗೇಡಿತನ ಇದೆ. ಗ್ರೀಕ್ ಭಾಷೆಯಲ್ಲಿ ಪ್ರಶ್ನೆ ಚಿಹ್ನೆ ನೋಡೋಕೆ ಥೇಟ್ ನಮ್ಮ ಅರ್ಧವಿರಾಮದ ಹಾಗೇ ಇರುತ್ತದೆ, ಅಕ್ಷರ, ಚಿಹ್ನೆಗಳಿಗೆ ಕಂಪ್ಯೂಟರ್ ಬಳಸುವ ಸಂಖ್ಯೆಗಳ ಪಟ್ಟಿಯಾದ ಯೂನಿಕೋಡ್‌ನಲ್ಲಿ ಅದಕ್ಕೆ ಬೇರೆಯೇ ಸಂಖ್ಯೆ ಇದೆ. ಅರ್ಧವಿರಾಮ 59, ಅದು 894. ಸಹೋದ್ಯೋಗಿಯ ಕೋಡ್‌ನಲ್ಲಿ ಒಂದು ಕಡೆ ಇದನ್ನು ತೆಗೆದು ಅದನ್ನು ಇಟ್ಟರೆ ಮುಗೀತು, ಆ ಮನುಷ್ಯ ಸಂಜೆವರೆಗೂ ಕಣ್ಣುಜ್ಜಿಕೊಂಡು ಕೂರಬೇಕು. ನಾನು ಯಾರಿಗೂ ಮಾಡಿಲ್ಲ. ಯೋಚನೆ ಮಾಡಿದ್ದೇನೆ, ಅದು ಬೇರೆ ಮಾತು.

ಕೋಡ್‌ನಲ್ಲಿ ಮಾತ್ರ ಅದರ ಅರ್ಥ ಮುಗಿಯಿತು ಅಂತಲೇ. ಅರ್ಧ ನಿಲ್ಲುವ ಚಿಹ್ನೆಗೆ ಅಲ್ಲಿ ಪೂರ್ಣವಿರಾಮದ ಕೆಲಸ ಕೊಟ್ಟಿದ್ದಾರೆ. ಚಾಟ್‌ನಲ್ಲಿ ಅದಕ್ಕೆ ಉಳಿದಿದ್ದು ;) ಅಂತ ಕಣ್ಣು ಹೊಡೆಯುವ ಕೆಲಸ, ಎಮೋಜಿ ಬಂದ ಮೇಲೆ ಅದೂ ಹೋಯಿತು.

ಚಾಟ್ ಅಂದ ಕೂಡಲೇ ನೆನಪಾಯಿತು. ಮೊನ್ನೆ ಫೋನಿನಲ್ಲಿ ನನ್ನದೇ ಹಳೇ ಮೆಸೇಜುಗಳನ್ನು ಮೇಲೆ ಕೆಳಗೆ ಮಾಡಿ ನೋಡುತ್ತಿದ್ದೆ. ಒಂದು ಕಡೆ ನಾನು ಹೀಗೆ ಕಳಿಸಿದ್ದೆ:

ಬಂದಿದ್ದೆ

ಬಾಗಿಲು ಹಾಕಿತ್ತು

ವಾಪಸ್ ಹೋದೆ

ಮೂರು ಮೆಸೇಜ್. ಚುಕ್ಕೆ ಇಲ್ಲ, ಕಾಮಾ ಇಲ್ಲ, 'ಅದಕ್ಕೆ' ಇಲ್ಲ. ಎರಡು ಸಲ ಓದಿದ ಮೇಲೆ ಹೊಳೆಯಿತು, ಕಳಿಸುವ ಗುಂಡಿ ಒತ್ತಿದೆನಲ್ಲ, ಆ ಒಂದೊಂದು ಒತ್ತುವಿಕೆಯೇ ನನ್ನ ಅರ್ಧವಿರಾಮ. ಮಾತು ಮುಗಿದಿಲ್ಲ, ಆದರೆ ಇಲ್ಲಿ ಒಂಚೂರು ನಿಲ್ಲು, ಮುಂದಿನದು ಬರುತ್ತಿದೆ, ಸಂಬಂಧ ನೀನೇ ಹಾಕಿಕೋ. ಬಾಗಿಲು ಹಾಕಿದ್ದು ನಿನ್ನ ತಪ್ಪು ಅಂತ ನಾನು ಹೇಳಿಲ್ಲ, ಹೇಳದೆ ಬಿಟ್ಟೂ ಇಲ್ಲ. ಹಾಗಂತ ಅದು ಅರ್ಧವಿರಾಮಕ್ಕೆ ಸಮ ಅಂತಲೂ ಹೇಳಲಾರೆ, ಯಾಕೆಂದರೆ ಎರಡನೆಯ ಮೆಸೇಜಿಗೂ ಮೂರನೆಯದಕ್ಕೂ ನಡುವೆ ಆ ಕಡೆಯವರು 'ಅಯ್ಯೋ ಸಾರಿ' ಅಂತ ಕಳಿಸಿಬಿಟ್ಟರೆ ನನ್ನ ವಾಕ್ಯ ಅಲ್ಲೇ ಒಡೆದುಹೋಗುತ್ತದೆ. ಕಾಗದದ ಮೇಲಿನ ಅರ್ಧವಿರಾಮದ ಹತ್ತಿರ ಯಾರೂ ಬಾಯಿ ಹಾಕೋಕೆ ಆಗುವುದಿಲ್ಲ.

ಇದರಿಂದ ಪೂರ್ಣವಿರಾಮಕ್ಕೆ ಬೇರೆಯೇ ಗಂಡಾಂತರ ಬಂದಿದೆ. ಮೆಸೇಜ್ ತಾನಾಗಿಯೇ ನಿಲ್ಲುತ್ತದೆ ಅಂದ ಮೇಲೆ ಕೊನೆಗೆ ಚುಕ್ಕೆ ಇಟ್ಟರೆ ಅದಕ್ಕೇನೋ ಅರ್ಥ ಇರಲೇಬೇಕು ಅಂತ ಜನ ನೋಡುತ್ತಾರೆ. 2015ರಲ್ಲಿ ಅಮೆರಿಕದ ಬಿಂಗ್‌ಹ್ಯಾಮ್‌ಟನ್ ವಿಶ್ವವಿದ್ಯಾಲಯದವರು 126 ವಿದ್ಯಾರ್ಥಿಗಳಿಗೆ ಒಂದೊಂದು ಪದದ ಉತ್ತರಗಳನ್ನು ತೋರಿಸಿ ಕೇಳಿದ್ದರು. ಫೋನಿನ ಮೆಸೇಜ್ ಆಗಿ ತೋರಿಸಿದಾಗ ಚುಕ್ಕೆ ಇದ್ದ ಉತ್ತರ ಮನಸ್ಸಿಟ್ಟು ಹೇಳಿದ ಹಾಗಿಲ್ಲ ಅಂದರು. ಅದನ್ನೇ ಕೈಬರಹದ ಚೀಟಿಯಾಗಿ ತೋರಿಸಿದಾಗ ಚುಕ್ಕೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ ಆಗಿತ್ತು. ನನಗೆ ಇದನ್ನು ನಂಬೋಕೆ ಯಾವ ಅಧ್ಯಯನವೂ ಬೇಕಿರಲಿಲ್ಲ. 'ಆಯ್ತು' ಅಂತ ಬಂದರೆ ಆಯ್ತು. 'ಆಯ್ತು.' ಅಂತ ಬಂದರೆ ನಾನು ಏನು ಮಾಡಿದೆ ಅಂತ ಹಿಂದಿನ ಹತ್ತು ಮೆಸೇಜ್ ಓದುತ್ತೇನೆ.

ಆ ತಿದ್ದಿದವರ ವಿಷಯ ಹೇಳುತ್ತಿದ್ದೆ ಅಲ್ವಾ. ಎರಡು ದಿನ ಯೋಚನೆ ಮಾಡಿ ಅವರಿಗೊಂದು ಮೆಸೇಜ್ ಬರೆದೆ. ಚಿಹ್ನೆಗಳ ಪುಟಕ್ಕೆ ಹೋಗಿ, ಹುಡುಕಿ, ಬೇಕಂತಲೇ ಹಾಕಿದೆ: ಸರ್, ಮೂರು ಕಡೆ ನೀವು ಹೇಳಿದ್ದೇ ಸರಿ; ಕಿಟಕಿಯ ವಾಕ್ಯ ಮಾತ್ರ ನಾನು ಬರೆದ ಹಾಗೇ ಇರಲಿ.

ನೋಡಿದರು, ಎರಡು ನೀಲಿ ಗೆರೆ ಬಂದವು. ಟೈಪ್ ಮಾಡುತ್ತಿದ್ದಾರೆ ಅಂತ ತೋರಿಸಿತು, ನಿಂತಿತು, ಮತ್ತೆ ತೋರಿಸಿತು. ಆಮೇಲೆ ಉತ್ತರ ಬಂತು.

ಸರಿ.

ಚುಕ್ಕೆ ಸಮೇತ. ಮೂವತ್ತು ವರ್ಷ ಪ್ರೂಫ್ ತಿದ್ದಿದ ಕೈ, ಅಭ್ಯಾಸಬಲದಿಂದ ಬಿದ್ದಿರಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ಆದರೂ ಅವತ್ತು ರಾತ್ರಿ ಎರಡು ಸಲ ಫೋನ್ ತೆಗೆದು ಆ ಚುಕ್ಕೆ ಇನ್ನೂ ಅಲ್ಲೇ ಇದೆಯಾ ಅಂತ ನೋಡಿದೆ.